ಕಾಗದದ ಮೇಲಿನ ಬೇಸ್

ದುಬಾರಿ ಸ್ಪೀಕರ್ ಕೊಳ್ಳಲು ಹೊರಟವರು ವಿವರಪಟ್ಟಿಯಲ್ಲಿ ಮೊದಲು ಹುಡುಕುವುದು ಒಂದು ಅಂಕಿಯನ್ನು: ಬೇಸ್ ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ? 28 ಎಂದಿದ್ದರೆ ಹಿಗ್ಗುತ್ತಾರೆ, 70 ಎಂದಿದ್ದರೆ ಮೂಗು ಮುರಿಯುತ್ತಾರೆ. ಈ ಲೆಕ್ಕಾಚಾರವನ್ನು ಒಂದು ಪುಟ್ಟ ಪೆಟ್ಟಿಗೆ ಐವತ್ತು ವರ್ಷಗಳಿಂದ ಅಣಕಿಸುತ್ತ ಬಂದಿದೆ. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್ 3/5ಎ ಒಂದಡಿ ಎತ್ತರ ಮಾತ್ರ; ಬೇಸ್ ನುಡಿಸುವ ವೂಫರ್ ಐದಿಂಚಿನ ಆಸುಪಾಸು. ಅಳೆದು ನೋಡಿದರೆ ಆಳದ ಬೇಸ್ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಕೇಳುವವರಿಗೆ ಮಾತ್ರ ಡಬಲ್ ಬೇಸ್ ವಾದ್ಯ ಮೈತುಂಬಿಕೊಂಡೇ ಕೇಳುತ್ತದೆ. 100 ಹರ್ಟ್ಸ್‌ಗಿಂತ ತುಸು ಮೇಲೆ ಅದರ ಧ್ವನಿಮಟ್ಟದಲ್ಲಿ ಇರುವ ಸಣ್ಣದೊಂದು ಉಬ್ಬು ಈ ಭಾವನೆಗೆ ಕಾರಣ. ಅಳತೆ ಇಲ್ಲಿ ಸುಳ್ಳು ಹೇಳಿಲ್ಲ. ಅಳೆದದ್ದು ಸ್ಪೀಕರನ್ನು; ಕೇಳಿಸಿದ್ದು ಸ್ಪೀಕರು, ಕೋಣೆ, ಕಿವಿ, ಮಿದುಳು ನಾಲ್ಕೂ ಸೇರಿ ಮಾಡಿದ ಅಡುಗೆ.

ಮಿದುಳಿನ ಪಾಲು ಎಷ್ಟೆಂದು ತಿಳಿಯಲು ಮೊಬೈಲಿನ ತಂಬೂರಿ ಆ್ಯಪ್ ಸಾಕು. ಗಂಡಸರ ಶ್ರುತಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಮೊಬೈಲಿನ ಕಡ್ಲೆಗಾತ್ರದ ಸ್ಪೀಕರಿಗೆ ಆ ಸ್ವರ ಹೊರಡಿಸುವ ತಾಕತ್ತಿಲ್ಲ. ಆದರೂ ನಮಗೆ ಮಂದ್ರ ಷಡ್ಜವೇ ಕೇಳುತ್ತದೆ. ಅದರ ಮೇಲಿನ ಹಾರ್ಮೋನಿಕ್‌ಗಳ (ಮೂಲಸ್ವರದ ಎರಡು, ಮೂರು ಪಟ್ಟು ಕಂಪನಗಳ) ಅಂತರವನ್ನು ಲೆಕ್ಕಹಾಕಿ ಇಲ್ಲದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಕಿವಿಯ ಸ್ವಭಾವ ಇದಕ್ಕಿಂತ ವಿಚಿತ್ರ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ ಕೆಳಸ್ವರಗಳಿಗೆ ನಮ್ಮ ಕಿವಿ ಮಂದ. 1000 ಹರ್ಟ್ಸ್‌ನ ಸ್ವರವೊಂದು 60 ಡೆಸಿಬೆಲ್‌ನಲ್ಲಿ ಎಷ್ಟು ಜೋರೋ, 40 ಹರ್ಟ್ಸ್ ಅಷ್ಟೇ ಜೋರಾಗಿ ಕೇಳಬೇಕಾದರೆ 94 ಡೆಸಿಬೆಲ್ ಬೇಕು ಎನ್ನುತ್ತದೆ 2003ರ ಅಂತರರಾಷ್ಟ್ರೀಯ ಮಾನಕ. ಒಮ್ಮೆ ಕೇಳತೊಡಗಿದರೆ ಮಾತ್ರ ಕೆಳಸ್ವರ ಬೇಗನೆ ಉಬ್ಬುತ್ತದೆ: ಅಲ್ಲಿ ಹತ್ತು ಡೆಸಿಬೆಲ್ ಏರಿಸಿದರೆ ಮಧ್ಯಸ್ವರಗಳನ್ನು ಹೆಚ್ಚುಕಡಿಮೆ ಇಪ್ಪತ್ತು ಏರಿಸಿದಷ್ಟು ಅನುಭವ. ಅದೇ ಸ್ಪೀಕರ್ ರಾತ್ರಿ ಮೆಲ್ಲಗೆ ಹಾಡಿದಾಗ ಸಪ್ಪೆ, ಅಂಗಡಿಯಲ್ಲಿ ಜೋರಾಗಿ ಕೇಳಿಸಿದಾಗ ಅಬ್ಬರ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಕೋಣೆಯ ಮಾತು ಇನ್ನೂ ದೊಡ್ಡದು. 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ನಮ್ಮ ಹಾಲ್‌ಗಳೇ ಅಷ್ಟಿರುವುದಿಲ್ಲ. ಐದು ಮೀಟರ್ ಉದ್ದದ ಹಾಲಿನಲ್ಲಿ 34 ಹರ್ಟ್ಸ್ ಬಳಿಯ ಸ್ವರ ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಗೆ ಒರಗಿ ಕೂತವರಿಗೆ ಅದು ಗುಮ್ಮೆನ್ನುತ್ತದೆ, ನಟ್ಟನಡುವೆ ಕೂತವರಿಗೆ ಮಾಯ. ಹೀಗೆ ಕೂರುವ ಜಾಗ ಬದಲಾದರೆ ಹತ್ತಿಪ್ಪತ್ತು ಡೆಸಿಬೆಲ್ ಏರುಪೇರಾಗುವುದು ಅಪರೂಪವಲ್ಲ. ವಿವರಪಟ್ಟಿಯ ಅಂಕಿಯಲ್ಲಿ ಇದ್ಯಾವುದೂ ಇಲ್ಲ. ಅಳತೆಗೆ ಬಳಸುವ ಪ್ರತಿಧ್ವನಿರಹಿತ ಕೋಣೆಗಳೂ ತೀರ ಕೆಳಸ್ವರಗಳಲ್ಲಿ ಕೈಚೆಲ್ಲುವುದರಿಂದ, ಮೈಕನ್ನು ವೂಫರಿನ ಮೂಗಿನ ತುದಿಗೇ ಹಿಡಿದು ಅಳೆಯುವ ಪದ್ಧತಿಯನ್ನು ಡಿ. ಬಿ. ಕೀಲ್ 1974ರಲ್ಲಿ ವಿವರಿಸಿದರು. ಜಾಣ ಉಪಾಯ, ಆದರೆ ಅದರಲ್ಲಿ ಬೇಸ್ ಕೊಂಚ ಉಬ್ಬಿದಂತೆ ಕಾಣುವುದನ್ನು ತಿದ್ದಿಕೊಂಡು ಓದಬೇಕು. ಮೇಲಾಗಿ ಒಬ್ಬ ತಯಾರಕರ 30 ಹರ್ಟ್ಸ್ ಮೂರು ಡೆಸಿಬೆಲ್ ಕುಸಿದ ಜಾಗ, ಇನ್ನೊಬ್ಬರದು ಹತ್ತು ಕುಸಿದ ಜಾಗ.

ಹಾಗಿದ್ದಮೇಲೆ ಅಳತೆಯನ್ನು ಬದಿಗಿಟ್ಟು ಕಿವಿಯನ್ನೇ ನಂಬೋಣ ಎನ್ನುವವರಿದ್ದಾರೆ. ಅವರು ನಂಬುತ್ತಿರುವುದು ಬರೀ ಕಿವಿಯನ್ನಲ್ಲ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರದೆಯ ಹಿಂದೆ ಇದ್ದಾಗ ಒಳ್ಳೆಯ ಅಂಕ ಗಳಿಸಿದ ಅಗ್ಗದ ಚಿಕ್ಕ ಸ್ಪೀಕರ್‌ಗಳು ಪರದೆ ಸರಿದೊಡನೆ ಕೆಳಗಿಳಿದವು. ಕಣ್ಣು ಬೆಲೆ ಕಟ್ಟಿತ್ತು. ಹೈಫೈ ಲೋಕದ ಅಚ್ಚುಮೆಚ್ಚಿನ ‘ವೇಗದ ಬೇಸ್’ ಎಂಬ ಮಾತೂ ಅಷ್ಟೆ. 40 ಹರ್ಟ್ಸ್ ಎಂದರೆ ಸೆಕೆಂಡಿಗೆ 40 ಕಂಪನ, ಅದು ಓಡುವುದಿಲ್ಲ. ಕೋಣೆಯ ಅನುರಣನದಿಂದ ಸ್ವರ ಎಳೆದಾಡಿದರೆ ನಿಧಾನವೆನ್ನುತ್ತೇವೆ; ಆ ಅನುರಣನ ಎಬ್ಬಿಸಿದ ಏರನ್ನು ಅಳೆದು ಕತ್ತರಿಸಿದರೆ ಬೇಸ್ ಚುರುಕಾಗುತ್ತದೆ. ಅನುಭವವನ್ನು ವಿವರಿಸಿದ್ದು, ಸರಿಪಡಿಸಿದ್ದು ಅಳತೆಯೇ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಮಿದುಳನ್ನು ಇಷ್ಟು ಸುಲಭವಾಗಿ ಏಮಾರಿಸಬಹುದಾದರೆ ದೊಡ್ಡ ಸ್ಪೀಕರಿಗೆ ದುಡ್ಡೇಕೆ ಸುರಿಯಬೇಕು? ಸ್ವರದ ಎತ್ತರವನ್ನು ಮಿದುಳು ಊಹಿಸಿಕೊಳ್ಳಬಲ್ಲದು, ಎದೆಗೆ ತಟ್ಟುವ ಗುದ್ದನ್ನಲ್ಲ. ಆಲಿವ್ ಅವರ 2004ರ ಅಧ್ಯಯನದಲ್ಲಿ ಕೇಳುಗರ ಮೆಚ್ಚುಗೆಯ ಸುಮಾರು ಶೇಕಡಾ 30ರಷ್ಟು ಪಾಲು ಬೇಸಿನ ಆಳಕ್ಕೇ ಸಂದಿತು. ಆದರೆ ಆಳ ದುಬಾರಿ: ಅದೇ ಧ್ವನಿಮಟ್ಟದಲ್ಲಿ ಒಂದು ಸ್ಥಾಯಿ ಕೆಳಗಿಳಿದರೆ ವೂಫರ್ ನಾಲ್ಕು ಪಟ್ಟು ದೂರ ಚಲಿಸಬೇಕು. ಚಿಕ್ಕ ವೂಫರ್ ಅಲ್ಲಿ ತಿಣುಕಿ ಮೂಲದಲ್ಲಿ ಇಲ್ಲದ ಹಾರ್ಮೋನಿಕ್‌ಗಳನ್ನು ಉಗುಳುತ್ತದೆ. ವರದಿಯಲ್ಲಿ ವಿರೂಪವೆಂದು ಬರೆಯುವ ಅದನ್ನೇ ಕಿವಿ ಬೇಸ್ ಎಂದು ಜಮಾ ಮಾಡಿಕೊಳ್ಳುತ್ತದೆ. ನಿಜಕ್ಕೂ ಶುದ್ಧವಾದ ಸಬ್‌ವೂಫರ್ ಮನೆಗೆ ಬಂದ ಮೊದಲ ದಿನ ‘ಬೇಸ್ ಕಡಿಮೆಯಾಯಿತಲ್ಲ’ ಎಂಬ ದೂರು ಏಳುವುದಕ್ಕೆ ಇದೂ ಒಂದು ಕಾರಣ.