ಹರಿವು ಕದಡುವ ಜಾಗ

ದಾಂಡೇಲಿಗೆ ಬರುವವರು ಎರಡು ಕಾಳಿ ನದಿಗಳನ್ನು ನೋಡಿ ಹೋಗುತ್ತಾರೆ. ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಗಣೇಶಗುಡಿಯ ಬಂಡೆಗಳ ಮೇಲೆ ನೊರೆಯೆಬ್ಬಿಸಿ ನುಗ್ಗುವ ಕಾಳಿ ಒಂದು. ಊರಿನ ಬಳಿ ಮರಗಳ ನೆರಳಿನಲ್ಲಿ ಸದ್ದಿಲ್ಲದೆ ಸಾಗುವುದು ಇನ್ನೊಂದು. ಮೊದಲನೆಯದು ಕದಡಿದ ಹರಿವು, ಎರಡನೆಯದು ಶಾಂತ ಹರಿವು ಎಂದು ನನ್ನ ವಿದ್ಯಾರ್ಥಿಗಳು ಬರೆಯುತ್ತಾರೆ. ಹಳಿಯಾಳದಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳಿಗೆ ಶಾಖ ವರ್ಗಾವಣೆ ಕಲಿಸುವ ನಾನು ಎಲ್ಲಕ್ಕಿಂತ ಮೊದಲು ಅಳಿಸುವುದು ಆ ಉತ್ತರವನ್ನೇ.

ವೇಗವನ್ನು ಆಳದಿಂದ ಗುಣಿಸಿ, ನೀರಿನ ಸ್ನಿಗ್ಧತೆಯಿಂದ ಭಾಗಿಸಿದರೆ ರೆನಾಲ್ಡ್ಸ್ ಸಂಖ್ಯೆ ಸಿಗುತ್ತದೆ. ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಹರಿಸಿ ಕಂಡುಕೊಂಡ ಲೆಕ್ಕ ಇದು. ಒಂದು ಮೀಟರ್ ಆಳದ ನೀರು ಸೆಕೆಂಡಿಗೆ ಅರ್ಧ ಮೀಟರ್ ಸಾಗುತ್ತಿದ್ದರೂ ಸಂಖ್ಯೆ 5 ಲಕ್ಷದ ಹತ್ತಿರ ಬರುತ್ತದೆ. ಹೊಳೆಯ ಹರಿವು ಕೆಲವು ಸಾವಿರ ದಾಟುವುದರೊಳಗೇ ಕದಡಿರುತ್ತದೆ. ಮೇಲೆ ಕನ್ನಡಿಯಂತೆ ಕಾಣುವ ಕಾಳಿಯ ಒಳಗೂ ಸುಳಿಗಳು ಮೇಲೆ ಕೆಳಗೆ ಸುತ್ತುತ್ತಲೇ ಇರುತ್ತವೆ.

ಹಾಗಾದರೆ ನಯವಾದ ಹರಿವು ಕದಡಿದ ಹರಿವಾಗುವುದನ್ನು ಎಲ್ಲಿ ಹಿಡಿಯುವುದು? ಗಾಳಿಯಾಗಲಿ ನೀರಾಗಲಿ ಒಂದು ಮೈಯನ್ನು ಸವರಿಕೊಂಡು ಹೋಗುವಾಗ ಮೈಗೆ ತಾಗಿದ ಕಣಗಳು ನಿಂತೇಬಿಡುತ್ತವೆ. ಅಲ್ಲಿಂದ ಹೊರಗಿನ ಪೂರ್ತಿ ವೇಗದವರೆಗೆ ಒಂದು ತೆಳು ಪದರವಿರುತ್ತದೆ. ಅದೇ ಗಡಿಪದರ, 1904ರಲ್ಲಿ ಜರ್ಮನಿಯ ಪ್ರಾಂಟ್ಲ್ ಗುರುತಿಸಿದ್ದು. ಅಂಚಿನಲ್ಲಿ ಅದು ನಯವಾಗಿ ಹುಟ್ಟುತ್ತದೆ, ಮುಂದೆ ಹೋದಂತೆ ದಪ್ಪವಾಗುತ್ತದೆ, ಎಲ್ಲೋ ಒಂದು ಕಡೆ ಕದಡತೊಡಗುತ್ತದೆ. ಆ 'ಎಲ್ಲೋ' ಒಂದು ಗೆರೆಯಲ್ಲ, ಒಂದು ಪಟ್ಟಿ. ಪಟ್ಟಿಯೊಳಗೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಇಂದಿಗೂ ಬಳಸುವ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ.

ಸತೀಶ್ ಧವನ್ 1951ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಇಸ್ರೋ ಮುಖ್ಯಸ್ಥರಾಗಿ ಅವರನ್ನು ಎಲ್ಲರೂ ಬಲ್ಲರು. ಗಡಿಪದರವೇ ಅವರ ಮೊದಲ ಪ್ರೀತಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅವರ ಶಿಷ್ಯ ರೊದ್ದಂ ನರಸಿಂಹ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಗಾಳಿ ಸುರಂಗದಲ್ಲಿ ಸಪಾಟು ಹಲಗೆಯಿಟ್ಟು, ಕೂದಲಿಗಿಂತ ಸಪೂರವಾದ ಬಿಸಿ ತಂತಿಯನ್ನು ಗಡಿಪದರದೊಳಗೆ ಹಿಡಿಯುವುದು ಆ ಕಾಲದ ವಿಧಾನ. ಗಾಳಿ ತಂತಿಯ ಶಾಖ ಒಯ್ಯುತ್ತದೆ, ಎಷ್ಟು ಒಯ್ದಿತು ಎಂಬುದರಿಂದ ವೇಗ ತಿಳಿಯುತ್ತದೆ. ಪಟ್ಟಿಯೊಳಗೆ ತಂತಿ ಒಂದು ಕ್ಷಣ ನೇರ ಗೆರೆ ಬರೆಯುತ್ತದೆ, ಮರುಕ್ಷಣ ಹುಚ್ಚೆದ್ದು ಕುಣಿಯುತ್ತದೆ, ಮತ್ತೆ ನೇರವಾಗುತ್ತದೆ. ಒಣಗಿದ ಅಂಗಳದ ಮೇಲೆ ಮುಂಗಾರಿನ ಮೊದಲ ಹನಿಗಳು ಬಿದ್ದು ಕಲೆಕಲೆಯಾಗಿ, ಕಲೆಗಳು ಹಬ್ಬಿ ಒಂದಕ್ಕೊಂದು ಸೇರಿ ಕೊನೆಗೆ ಇಡೀ ಅಂಗಳ ಒದ್ದೆಯಾಗುವಂತೆ ಇಲ್ಲಿಯೂ ಕದಡಿದ ಕಲೆಗಳು ಹುಟ್ಟಿ, ಬೆಳೆದು, ಕೂಡುತ್ತವೆ. ಕಲೆಗಳ ಈ ಕಲ್ಪನೆ 1951ರಲ್ಲಿ ಅಮೆರಿಕದ ಎಮ್ಮನ್ಸ್ ಕೊಟ್ಟದ್ದು. ಅವು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯಲ್ಲಿ ಹುಟ್ಟುತ್ತವೆ ಎಂದು 1957ರಲ್ಲಿ ಹೇಳಿದವರು 24ರ ಆಸುಪಾಸಿನ ನರಸಿಂಹ. ಹಾಗೆಂದುಕೊಂಡರೆ ಮಾತ್ರ ಅಳತೆಗಳೆಲ್ಲ ಒಂದೇ ವಕ್ರರೇಖೆಯ ಮೇಲೆ ಬಂದು ಕೂರುತ್ತಿದ್ದವು. ಮರುವರ್ಷ ಧವನ್ ಜೊತೆ ಬರೆದ ಲೇಖನವನ್ನು ಟರ್ಬೈನ್ ಅಲಗುಗಳ ಮೇಲೆ ಕೆಲಸ ಮಾಡುವವರು ಇವತ್ತಿಗೂ ಉಲ್ಲೇಖಿಸುತ್ತಾರೆ. ನನಗೆ ಈ ಕೆಲಸದ ಬಗ್ಗೆ ಇರುವ ಹೆಮ್ಮೆ ರಾಕೆಟ್‌ಗಳ ಬಗ್ಗೆಯೂ ಇಲ್ಲ.

ಶಾಖಕ್ಕೂ ಇದಕ್ಕೂ ಏನು ಸಂಬಂಧ? ಮುಂಡಗೋಡದ ಬಯಲಿನಲ್ಲಿ ಬಿಸಿಲಿಗೆ ಕಾದ ಉದ್ದನೆಯ ಸಪಾಟು ತಗಡಿನ ಮೇಲೆ ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ನಯವಾಗಿ ಹರಿಯುತ್ತಿದೆ ಎಂದುಕೊಳ್ಳೋಣ. ಪಠ್ಯಪುಸ್ತಕದ ಲೆಕ್ಕದಲ್ಲಿ ಅಂಚಿನಿಂದ ಸುಮಾರು 1.6 ಮೀಟರ್ ದೂರದಲ್ಲಿ ಪದರ ಕದಡತೊಡಗುತ್ತದೆ. (ನಿಜವಾದ ಗಾಳಿ ಹೊಯ್ದಾಡುತ್ತ ಬರುವುದರಿಂದ ಇನ್ನೂ ಮೊದಲೇ.) ಆ ಜಾಗದಲ್ಲಿ ನಯವಾದ ಪದರ ಒಯ್ಯುವ ಶಾಖಕ್ಕಿಂತ ಪೂರ್ತಿ ಕದಡಿದ ಪದರ ಒಯ್ಯುವ ಶಾಖ ಸುಮಾರು ನಾಲ್ಕೂವರೆ ಪಟ್ಟು! ನಯವಾದ ಪದರದಲ್ಲಿ ಶಾಖ ಅಣುವಿನಿಂದ ಅಣುವಿಗೆ ದಾಟಬೇಕು. ಕದಡಿದಾಗ ಸುಳಿಗಳೇ ಬಿಸಿ ಗಾಳಿಯನ್ನು ಹೊತ್ತು ಮೇಲೆ ಎಸೆದು ತಣ್ಣನೆಯದನ್ನು ಕೆಳಗೆ ತರುತ್ತವೆ.

ದಾಂಡೇಲಿಯ ಮಕ್ಕಳಿಗೆ ಇದನ್ನು ಹೇಳಲು ನಾನು ಕಾಗದಕ್ಕೇ ಹೋಗುತ್ತೇನೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾದದ್ದು, ಅಪ್ಪನೋ ಅಜ್ಜನೋ ಅಲ್ಲಿ ದುಡಿದಿರುವ ಮನೆಗಳೇ ಊರತುಂಬ. ಕಾಗದ ಯಂತ್ರದ ಕೊನೆಯ ಭಾಗದಲ್ಲಿ ಒದ್ದೆ ಹಾಳೆ ಸಾಲುಸಾಲು ಎರಕದ ಕಬ್ಬಿಣದ ಸಿಲಿಂಡರುಗಳನ್ನು ಸುತ್ತಿ ಒಣಗುತ್ತದೆ. ಸಿಲಿಂಡರಿನೊಳಗೆ ಹಬೆ, ಹಬೆ ಶಾಖ ಕೊಟ್ಟು ನೀರಾಗುತ್ತದೆ. ಸಿಲಿಂಡರ್ ನಿಧಾನ ತಿರುಗಿದರೆ ಆ ನೀರು ತಳದಲ್ಲಿ ಮಡುಗಟ್ಟುತ್ತದೆ. ವೇಗವಾಗಿ ತಿರುಗಿದರೆ ಒಳಗೋಡೆಗೆ ಉಂಗುರದಂತೆ ಅಂಟಿ, ಗೋಡೆಯ ಜೊತೆಗೇ ತಿರುಗುತ್ತದೆ. ತೊಂದರೆ ಇರುವುದು ಈ ಅಲುಗದ ಉಂಗುರದಲ್ಲೇ. ಮೂರು ಮಿಲಿಮೀಟರ್ ನಿಂತ ನೀರು ಹೆಚ್ಚುಕಡಿಮೆ ಕಾಲು ಮೀಟರ್ ದಪ್ಪದ ಎರಕದ ಕಬ್ಬಿಣದಷ್ಟು ಶಾಖವನ್ನು ತಡೆಯುತ್ತದೆ. ಅದಕ್ಕೇ ವೇಗದ ಯಂತ್ರಗಳ ಸಿಲಿಂಡರಿನೊಳಗೆ ಉದ್ದಕ್ಕೂ ಲೋಹದ ಪಟ್ಟಿಗಳನ್ನು ಕೂರಿಸುತ್ತಾರೆ. ಸುತ್ತು ತಿರುಗುವಾಗ ಎರಡು ಪಟ್ಟಿಗಳ ನಡುವಿನ ನೀರು ಹಿಂದಕ್ಕೂ ಮುಂದಕ್ಕೂ ತುಳುಕುತ್ತದೆ, ಪದರ ಕದಡುತ್ತದೆ, ಹಬೆಯ ಶಾಖ ಕಬ್ಬಿಣಕ್ಕೆ ಇಳಿಯುತ್ತದೆ. ಪಟ್ಟಿಗಳ ನಡುವಿನ ಅಂತರವನ್ನು ತುಳುಕಾಟ ತಾಳಕ್ಕೆ ಬೀಳುವಂತೆ ಲೆಕ್ಕ ಹಾಕಿರುತ್ತಾರೆ.

ಜೋಯಿಡಾದ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟ: ಕದಡುವುದು ಇಷ್ಟು ಒಳ್ಳೆಯದಾದರೆ ವಿಮಾನದ ರೆಕ್ಕೆಯ ಮೇಲೆ ಅದನ್ನು ಯಾಕೆ ತಡೆಯಲು ಒದ್ದಾಡುತ್ತಾರೆ? ಶಾಖ ಹೊರುವ ಸುಳಿಗಳೇ ಹೊರಗಿನ ವೇಗವನ್ನೂ ಮೈಗೆ ತಂದು ಉಜ್ಜುತ್ತವೆ. ತಗಡಿನ ಅದೇ ಜಾಗದಲ್ಲಿ ಘರ್ಷಣೆಯ ಲೆಕ್ಕ ಹಾಕಿದರೂ ಅದೇ ನಾಲ್ಕೂವರೆ ಪಟ್ಟು ಬರುತ್ತದೆ. ಅವಳೇ ಬೋರ್ಡಿನ ಮೇಲೆ ಮಾಡಿ ತೋರಿಸಿದಳು.