ನಿತ್ಯದ ಮಾತ್ರೆಗೆ ಫೋನಿನ ಡಾಕ್ಟರು

ಬಿಪಿ, ಶುಗರ್, ಥೈರಾಯ್ಡ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರಿಗೆ ಟೆಲಿಮೆಡಿಸಿನ್ ದೊಡ್ಡ ಅನುಕೂಲ. ಆಸ್ಪತ್ರೆಯ ಸರದಿಯಲ್ಲಿ ಕೂರದೆ, ಮೊಬೈಲಿನಲ್ಲೇ ವೈದ್ಯರೊಡನೆ ಮಾತಾಡಿ ಚೀಟಿ ಪಡೆಯಬಹುದು. ಭಾರತದಲ್ಲಿ ಇದಕ್ಕೆ ಸ್ಪಷ್ಟ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು, ಕೋವಿಡ್ ಲಾಕ್‌ಡೌನ್ ಶುರುವಾದ ದಿನವೇ.

ಸೇವೆಯ ಆಯ್ಕೆಯಲ್ಲಿ ಹೆಚ್ಚಿನವರು ನೋಡುವುದು ಶುಲ್ಕವನ್ನು, ಎಷ್ಟು ಬೇಗ ವೈದ್ಯರು ಸಿಗುತ್ತಾರೆ ಎಂಬುದನ್ನು. ನೋಡಬೇಕಾದದ್ದು ಪ್ರತಿ ಸಲವೂ ಅದೇ ವೈದ್ಯರು ಸಿಗುತ್ತಾರೆಯೇ ಎಂದು. ಮುಖಾಮುಖಿ ನೋಡಿದ ವೈದ್ಯರನ್ನೇ, ಅದೇ ಕಾಯಿಲೆಗೆ, ಆರು ತಿಂಗಳೊಳಗೆ ಮತ್ತೆ ಸಂಪರ್ಕಿಸಿದರಷ್ಟೇ ಮಾರ್ಗಸೂಚಿ ಅದನ್ನು ಮುಂದುವರಿದ ಚಿಕಿತ್ಸೆ ಎನ್ನುತ್ತದೆ. ಇದು ಬರೀ ತಾಂತ್ರಿಕ ಮಾತಲ್ಲ. ಅಟೆನೊಲಾಲ್ ಒಂದರಿಂದಲೇ ಬಿಪಿ ಹತೋಟಿಗೆ ಬಾರದೆ ಜೊತೆಗೆ ಥಯಾಜೈಡ್ ಸೇರಿಸಬೇಕಾದರೆ, ಆ ಹಿಂದಿನ ತಪಾಸಣೆಯ ಬಲ ಬೇಕೇ ಬೇಕು. ಸರ್ಕಾರದ ಇ-ಸಂಜೀವಿನಿ ಉಚಿತ, ಸಣ್ಣಪುಟ್ಟ ತೊಂದರೆಗೆ ಒಳ್ಳೆಯದು. ಆದರೆ ದೀರ್ಘಕಾಲದ ಕಾಯಿಲೆಗೆ ಪರಿಚಯದ ವೈದ್ಯರೇ ಫೋನಿನಲ್ಲಿ ಸಿಗುವುದಾದರೆ ಅದಕ್ಕಿಂತ ಮೇಲಾದುದಿಲ್ಲ.

ನೋಡಬೇಕಾದ ಎರಡನೆಯದು ರಕ್ತಪರೀಕ್ಷೆ. ಥೈರಾಯ್ಡ್‌ಗೆ ಕೊಡುವ ಲಿವೊಥೈರಾಕ್ಸಿನ್ ಮಾತ್ರೆಯ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಏಳು ದಿನ ಬೇಕು. ಹೀಗಾಗಿ ಡೋಸ್ ಬದಲಿಸಿದ ಮೇಲೆ, ಥೈರಾಯ್ಡ್ ಸ್ಥಿತಿ ತೋರುವ ಟಿಎಸ್‌ಎಚ್ ಹೊಸ ಮಟ್ಟಕ್ಕೆ ನೆಲೆಗೊಳ್ಳಲು ಆರರಿಂದ ಎಂಟು ವಾರ ಕಾಯಬೇಕು. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ ಡೋಸ್ ಏರಿಸುವುದು ಅವಸರ. ವರ್ಷವಿಡೀ ಪರೀಕ್ಷೆಯನ್ನೇ ಕೇಳದೆ ಹಳೆಯ ಚೀಟಿಯನ್ನು ನಕಲು ಮಾಡಿ ಕಳಿಸುವುದು ಅದಕ್ಕಿಂತ ಕೆಟ್ಟದ್ದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತೀರಾ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಇದೆಯಾ ಎಂದು ಕೇಳುವ ವೈದ್ಯರು ಸಿಕ್ಕರೆ ಬಿಡಬಾರದು. ಎಷ್ಟೋ ಸಲ ಡೋಸ್ ಸರಿಯಿದ್ದು, ನುಂಗುವ ಹೊತ್ತು ತಪ್ಪಿರುತ್ತದೆ. ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಶುರು ಮಾಡಿದಾಗಲೂ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕಾಗುತ್ತದೆ.

ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ, ಔಷಧದ ಜೆನೆರಿಕ್ ಹೆಸರು, ಪ್ರಮಾಣ, ಅವಧಿ ಇರಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶ ವೈದ್ಯರಿಗೆ ನೆರವಾಗಬಹುದು, ಔಷಧ ಬರೆಯುವಂತಿಲ್ಲ. ಆ್ಯಪ್ ನಡೆಸುವವರದೇ ಔಷಧದಂಗಡಿ ಇದ್ದರೂ, ತನಗೆ ಬೇಕಾದ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವ ಹಕ್ಕು ರೋಗಿಯದು. ಚೀಟಿಯನ್ನು ಕೈಗೆ ಕೊಡದೆ ಮಾತ್ರೆಯ ಡಬ್ಬಿಯನ್ನಷ್ಟೇ ಮನೆಗೆ ಕಳಿಸುವವರನ್ನು ಅನುಮಾನಿಸಲೇಬೇಕು.

ಕೆಲವು ಔಷಧಗಳು ಫೋನಿನಲ್ಲಿ ಸಿಗಲೇಬಾರದು. ಮಾದಕ ವಸ್ತು ಕಾಯ್ದೆಯಡಿ ಬರುವ ಮಾರ್ಫಿನ್, ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲಿರುವ ಮಿಥೈಲ್‌ಫೆನಿಡೇಟ್ ಇಂಥವು. ಇವನ್ನು ವಿಡಿಯೊ ಕರೆಯಲ್ಲೇ ಬರೆದುಕೊಡುತ್ತೇವೆ ಎನ್ನುವ ಸೇವೆ, ಬೇರೆ ವಿಷಯದಲ್ಲಿ ಎಷ್ಟೇ ಚೆನ್ನಾಗಿದ್ದರೂ, ನಂಬಿಕೆಗೆ ಯೋಗ್ಯವಲ್ಲ.