ಉಪ್ಪುನೀರಿಗೆ ಯಾವ ಕೋಲು?

ಅಳಿವೆಯ ದಂಡೆಯಲ್ಲಿ ನಿಂತು ಗಾಳ ಹಾಕುವವರನ್ನು ನಮ್ಮ ಕರಾವಳಿಯ ಜನ ದಿನವೂ ನೋಡುತ್ತಾರೆ. ದಾರದ ತುದಿಗೆ ಗಾಳ, ಗಾಳಕ್ಕೆ ಒಂದು ಸಿಗಡಿ, ಸ್ವಲ್ಪ ಮೇಲೆ ಸೀಸದ ಗುಂಡು. ಗರಗರ ತಿರುಗಿಸಿ ಬಿಟ್ಟರೆ ಸೀಸ ಮುಂದೆ, ದಾರ ಹಿಂದೆ. ಭಾರವಾದದ್ದು ಹಗುರವಾದದ್ದನ್ನು ಎಳೆದುಕೊಂಡು ಹೋಗುತ್ತದೆ. ಅದರಲ್ಲಿ ಬಿಡಿಸಿ ಹೇಳಬೇಕಾದ ಗುಟ್ಟೇನೂ ಇಲ್ಲ.

ಈಗ ಆ ಸೀಸವನ್ನು ಬಿಚ್ಚಿ ಹಾಕಿ. ಸಿಗಡಿಯನ್ನೂ ತೆಗೆದು, ಕೋಳಿಯ ಗರಿ, ಜಿಂಕೆಯ ಕೂದಲು, ಒಂದೆರಡು ಮಿನುಗುವ ಎಳೆ ಸುತ್ತಿದ ಗಾಳವನ್ನು ಕಟ್ಟಿ ಎಸೆದು ನೋಡಿ. ಅದು ಕಾಲ ಬುಡದಲ್ಲೇ ಬೀಳುತ್ತದೆ. ಗರಿಯೊಂದನ್ನು ನಲವತ್ತು ಅಡಿ ದೂರಕ್ಕೆ, ಅದೂ ಎದುರುಗಾಳಿಯಲ್ಲಿ ತಲುಪಿಸುವುದು ಹೇಗೆ?

ಇದಕ್ಕೆ ಕಂಡುಕೊಂಡ ಉತ್ತರವೇ ಫ್ಲೈ ರಾಡ್. ಇಲ್ಲಿ ಎಸೆಯುವುದು ಗಾಳವನ್ನಲ್ಲ, ದಾರವನ್ನು. ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿ, ಎತ್ತು ಹೊಡೆಯುವವನು ಬಾರುಕೋಲು ಬೀಸುವಂತೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸುತ್ತಾರೆ. ಹಿಂದಕ್ಕೆ ಹೋದ ದಾರ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡು ಕೋಲಿನ ತುದಿಯನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಬಗ್ಗಿದ ಕೋಲು ಸೆಟೆದಾಗ ದಾರ ಮುಂದೆ ಹಾರುತ್ತದೆ. ಗರಿಯ ಗಾಳ ಅದರ ಬಾಲ ಹಿಡಿದು ಹೋಗುತ್ತದೆ, ಅಷ್ಟೆ. ಗರಿಯಿಂದ ಮೀನನ್ನು ಮೋಸಗೊಳಿಸುವ ಉಪಾಯ ಹಳೆಯದು. ಸುಮಾರು ಕ್ರಿ.ಶ. 200ರಲ್ಲಿ ಬರೆದ ರೋಮಿನ ಏಲಿಯನ್, ಮೆಸಿಡೋನಿಯದ ಹೊಳೆಯೊಂದರಲ್ಲಿ ಜನ ಗಾಳಕ್ಕೆ ಕೆಂಪು ಉಣ್ಣೆ, ಕೋಳಿಯ ಗರಿ ಕಟ್ಟಿ ಮೀನು ಹಿಡಿಯುವುದನ್ನು ವರ್ಣಿಸಿದ್ದಾನೆ. ಅವರ ಕೋಲು ಆರು ಅಡಿ, ದಾರವೂ ಆರೇ ಅಡಿ. ದಡದಲ್ಲಿ ನಿಂತು ಚಿಕ್ಕ ಹೊಳೆಗೆ ಇಳಿಬಿಡುವವನಿಗೆ ಅಷ್ಟು ಸಾಕಿತ್ತು.

ಕೋಲಿನ ಅಳತೆಯನ್ನು ನಿರ್ಧರಿಸುವುದು ಮೀನು ಮಾತ್ರವಲ್ಲ, ಹಿಡಿಯುವವನು ಎಲ್ಲಿ ನಿಂತಿದ್ದಾನೆ ಎಂಬುದೂ ಹೌದು. ಅವನು ನಿಂತೇ ಇಲ್ಲ, ಕೂತಿದ್ದಾನೆ ಎಂದಾದರೆ? ಅದೂ ಸಮುದ್ರದ ಮೇಲೆ, ನೀರಿನ ಮಟ್ಟದಿಂದ ಒಂದು ಗೇಣು ಎತ್ತರದಲ್ಲಿ? ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ, ಕಾಂಡ್ಲಾ ಕಾಡುಗಳ ನಡುವಿನ ಆಳವಿಲ್ಲದ ಉಪ್ಪುನೀರಿನಲ್ಲಿ, ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಕೂತು ಫ್ಲೈ ರಾಡ್ ಬೀಸುವವರು ಬಹಳ. ಅವರು ಕೋಲು ಆರಿಸುವ ಬಗೆಯನ್ನು ನೋಡಿದರೆ ಈ ವಿದ್ಯೆಯ ಒಳಗುಟ್ಟು ತಿಳಿಯುತ್ತದೆ.

ಮೊದಲು ಅಂಕಿಯ ಮಾತು. ಫ್ಲೈ ರಾಡಿನ ಹಿಡಿಕೆಯ ಬಳಿ 9 ಅಡಿ, 8 ಎಂಬಂತೆ ಎರಡು ಅಂಕಿ ಬರೆದಿರುತ್ತದೆ. ಮೊದಲನೆಯದು ಉದ್ದ. ಎರಡನೆಯದನ್ನು ಕೋಲಿನ ತೂಕ ಎಂದು ಹೊಸಬರು ತಪ್ಪು ತಿಳಿಯುತ್ತಾರೆ. ಅದು ಆ ಕೋಲು ಹೊರಬೇಕಾದ ದಾರದ ತೂಕದ ದರ್ಜೆ. ದಾರದ ಮೊದಲ 30 ಅಡಿಯನ್ನು ತೂಗಿ ಈ ದರ್ಜೆ ಕೊಡುತ್ತಾರೆ. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಇದ್ದಂತೆ ಇಂಗ್ಲಿಷರಿಗೆ ಗ್ರೇನ್ ಎಂಬ ಕಾಳಿನ ತೂಕವಿತ್ತು. ಇಲ್ಲಿ ಇಂದಿಗೂ ಅದೇ ಬಳಕೆಯಲ್ಲಿದೆ. 5ನೇ ದರ್ಜೆ ಎಂದರೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8ಕ್ಕೆ 210 ಗ್ರೇನ್, ಹದಿಮೂರೂವರೆ ಗ್ರಾಂ. 10ಕ್ಕೆ 280, 12ಕ್ಕೆ 380. ಹೊಳೆಯ ಟ್ರೌಟ್ ಮೀನಿಗೆ 5 ಸಾಕು. ಸಮುದ್ರದ ಗಾಳಿಯನ್ನು ಸೀಳಿಕೊಂಡು ಹೋಗಬೇಕಾದರೆ 8ಕ್ಕಿಂತ ಕಡಿಮೆಯಾದರೆ ಕಷ್ಟ.

ಈ ಅಂಕಿಗಳ ಹಿಂದೆ ಒಂದು ಸಣ್ಣ ಕಥೆಯಿದೆ. ಹಿಂದೆ ಫ್ಲೈ ದಾರಗಳನ್ನು ರೇಷ್ಮೆಯಿಂದ ಹೆಣೆಯುತ್ತಿದ್ದರು. ಆಗ ದಾರದ ದಪ್ಪವನ್ನು ಅಕ್ಷರಗಳಿಂದ ಗುರುತಿಸಿದರೆ ಸಾಕಿತ್ತು. ದಪ್ಪ ಗೊತ್ತಾದರೆ ತೂಕ ಗೊತ್ತಾದಂತೆಯೇ. ಎರಡನೆಯ ಮಹಾಯುದ್ಧದ ನಂತರ ನೈಲಾನ್ ಬಂತು. ಅದು ರೇಷ್ಮೆಗಿಂತ ಹಗುರ. ಅದೇ ದಪ್ಪ, ಅದೇ ಅಕ್ಷರ, ಆದರೆ ಕೋಲು ಬಗ್ಗುವುದೇ ಇಲ್ಲ! ಕೊಂಡವರು ಕಂಗಾಲಾದರು. ಕೊನೆಗೆ 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರು ಒಟ್ಟು ಸೇರಿ ದಪ್ಪವನ್ನು ಕೈಬಿಟ್ಟು ತೂಕವನ್ನೇ ಅಳತೆಯಾಗಿ ಒಪ್ಪಿಕೊಂಡರು.

ಕೋಲಿನ ಕಥೆ ಇನ್ನೂ ರೋಚಕ, ಅದರಲ್ಲಿ ನಮಗೂ ಒಂದು ಪಾಲಿದೆ. ಪೆನ್ಸಿಲ್ವೇನಿಯದ ಈಸ್ಟನ್ ಪಟ್ಟಣದಲ್ಲಿ ಬಂದೂಕು, ಪಿಟೀಲು ತಯಾರಿಸುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪಿ ಎಂಬಾತ 1840ರ ದಶಕದಲ್ಲಿ ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡಿದ. ಬಿದಿರಿನ ಬಲವಿರುವುದು ಹೊರಸಿಪ್ಪೆಯ ನಾರಿನಲ್ಲಿ. ಒಳಗಿನ ಪೊಳ್ಳನ್ನು ಕಳೆದು ಸಿಪ್ಪೆಯನ್ನಷ್ಟೇ ಒಟ್ಟುಗೂಡಿಸಿದರೆ ತೆಳ್ಳಗಿನ, ಪುಟಿಯುವ ಕೋಲು ಸಿಗುತ್ತದೆ. ಆ ಕಾಲಕ್ಕೆ ಅಲ್ಲಿಗೆ ಹೋಗುತ್ತಿದ್ದ ಬಿದಿರು ‘ಕಲ್ಕತ್ತಾ ಬಿದಿರು’ ಎಂದೇ ಹೆಸರಾಗಿತ್ತು. ಅದರ ಮೇಲೆ ಸುಟ್ಟ ಕಲೆಗಳಿರುತ್ತಿದ್ದವು. ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ನೇರವಾದ, ಗೆಣ್ಣು ಕಡಿಮೆಯಿರುವ ಬಿದಿರು ಅದರ ಜಾಗವನ್ನು ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ನಿಷೇಧಿಸಿದಾಗ ಆ ಬಿದಿರೂ ಬರದಾಯಿತು. ಗಾಜಿನ ನಾರಿನ ಕೋಲುಗಳಿಗೆ ಅದೇ ಶುಭಮುಹೂರ್ತ. 1970ರ ದಶಕದಲ್ಲಿ ವಿಮಾನ ತಯಾರಿಕೆಗೆಂದು ಹುಟ್ಟಿದ ಇಂಗಾಲದ ನಾರು, ಅಂದರೆ ಗ್ರಾಫೈಟ್, ಅವನ್ನೂ ಹಿಂದಿಕ್ಕಿತು. (ಬಿದಿರಿನ ಕಾಲದಲ್ಲಿ ಗಾಳದ ವಿದ್ಯೆ ಬಲ್ಲವರು ನಮ್ಮಲ್ಲೂ ಇದ್ದರು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು.)

ಇನ್ನು ದೋಣಿ. ಕಯಾಕ್ ಮೂಲತಃ ಉತ್ತರ ಧ್ರುವದ ಅಂಚಿನ ಇನ್ಯೂಟ್ ಜನರದು. ತೇಲಿಬಂದ ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ನಡುವೆ ಒಬ್ಬ ಸೊಂಟದವರೆಗೆ ಇಳಿಯುವಷ್ಟು ಕಿಂಡಿ ಬಿಟ್ಟು ಅದನ್ನು ಮಾಡುತ್ತಿದ್ದರು. ಸದ್ದಿಲ್ಲದೆ ಸೀಲಿನ ಹತ್ತಿರ ಹೋಗಿ ಈಟಿ ಎಸೆಯುವುದೇ ಅದರ ಉದ್ದೇಶ. ಈಗಿನ ಮೀನು ಹಿಡಿಯುವ ಕಯಾಕುಗಳು ಪ್ಲಾಸ್ಟಿಕ್ಕಿನವು. ಒಳಗೆ ಇಳಿಯುವ ಬದಲು ಮೇಲೆಯೇ ಕೂರುವಂಥವು. ನಮ್ಮ ಉತ್ತರ ಕನ್ನಡದ ಪಾತಿ ದೋಣಿಯಲ್ಲಿ ಕೂತವರಿಗೆ ಇದರ ಸ್ವಭಾವ ಸುಲಭವಾಗಿ ಅರ್ಥವಾದೀತು: ಸ್ವಲ್ಪ ವಾಲಿದರೂ ದೋಣಿಯೂ ವಾಲುತ್ತದೆ. ಆದರೆ ಸದ್ದಿಲ್ಲದೆ ಹತ್ತಿರ ಹೋಗುವ ಹಳೆಯ ಗುಣ ಮಾತ್ರ ಹಾಗೆಯೇ ಉಳಿದಿದೆ.

ಕೋಲಿನ ಆಯ್ಕೆಯನ್ನು ತಲೆಕೆಳಗು ಮಾಡುವುದು ಈ ಗುಣವೇ. ಅಂಗಡಿಗಳಲ್ಲಿ ಹೊಗಳುವುದು ನೂರು ಅಡಿ ಎಸೆಯುವ, ಬೆತ್ತದಂತೆ ಸೆಟೆದ ಕೋಲುಗಳನ್ನು. ಅವು ದೊಡ್ಡ ದೋಣಿಯ ಅಟ್ಟದ ಮೇಲೆ ನಿಂತವನಿಗೆ ಸರಿ. ಕಯಾಕಿನವನಿಗೆ ಮೀನು ಮೂವತ್ತು, ನಲವತ್ತು ಅಡಿಯಲ್ಲೇ ಸಿಗುತ್ತದೆ. ಅಷ್ಟು ಕಡಿಮೆ ದಾರ ಹೊರಗಿರುವಾಗ ಬಿಗಿ ಕೋಲು ಬಗ್ಗುವುದಿಲ್ಲ. ಬಗ್ಗದ ಕೋಲು ಎಸೆಯುವುದೂ ಇಲ್ಲ. ಆದ್ದರಿಂದ ಹೆಚ್ಚು ಬೆಲೆಯ ಬಿಗಿ ಕೋಲಿಗಿಂತ ನಡುವಿನಿಂದ ಮೇಲೆ ಹದವಾಗಿ ಬಾಗುವ ಕೋಲೇ ಇಲ್ಲಿ ಮೇಲು ಎಂಬುದು ನನ್ನ ಅಭಿಪ್ರಾಯ. ಬಿಗಿ ಕೋಲು ಈಗಾಗಲೇ ಕೈಯಲ್ಲಿದ್ದರೆ ಅದಕ್ಕೆ ಒಂದು ದರ್ಜೆ ಭಾರದ ದಾರ ಹಾಕಿಕೊಳ್ಳುವವರೂ ಇದ್ದಾರೆ.

ಉದ್ದದ ವಿಷಯ ಇಷ್ಟು ಸುಲಭವಲ್ಲ. ನಿಂತವನ ಕೈ ನೀರಿನಿಂದ ಐದಡಿ ಮೇಲಿದ್ದರೆ ಕೂತವನದು ಅದರ ಅರ್ಧಕ್ಕೆ ಬರುತ್ತದೆ. ಹಿಂದಕ್ಕೆ ಬೀಸಿದ ದಾರ ಬಿಚ್ಚಿಕೊಳ್ಳುವ ಮೊದಲೇ ನೀರಿಗೆ ಬಡಿಯುತ್ತದೆ, ಮೀನು ಓಡುತ್ತದೆ. ಹಾಗಾದರೆ ಹತ್ತಡಿಯ ಕೋಲು ಕೊಂಡರಾಯಿತು ಎನ್ನಿಸುವುದು ಸಹಜ. ಒಂದಡಿ ಎತ್ತರ ಸಿಗುವುದೇನೋ ನಿಜ. ಆದರೆ ಕೋಲು ಎಂದರೆ ಹಾರೆಯ ತಿರುಗುಮುರುಗು: ತುದಿಯಲ್ಲಿ ಮೀನು, ಬುಡದಲ್ಲಿ ಮಣಿಕಟ್ಟು. ಕೋಲು ಉದ್ದವಾದಷ್ಟೂ ಲಾಭ ಮೀನಿಗೆ. ದಡದಲ್ಲಾದರೆ ಕಾಲು ಊರಿ, ಸೊಂಟ ತಿರುಗಿಸಿ ತಡೆಯಬಹುದು. ಕಾಲು ಚಾಚಿ ಕೂತವನಿಗೆ ಇರುವುದು ತೋಳು ಮಾತ್ರ.

ಚಿಕ್ಕ ಕೋಲು, ಏಳೂವರೆ ಅಡಿಯದು, ಕೈಗೆ ಹಗುರ. ಅದಕ್ಕೆ ಬೇರೆ ತೊಡಕು. ಗಾಳ ಕಚ್ಚಿದ ಮೀನು ಬಹಳ ಸಲ ದೋಣಿಯ ಅಡಿಯಿಂದ ಆಚೆ ಬದಿಗೆ ನುಗ್ಗುತ್ತದೆ. ಆಗ ದಾರ ದೋಣಿಯ ತಳಕ್ಕೆ ಉಜ್ಜದಂತೆ ಕೋಲನ್ನು ಮುಂದಕ್ಕೆ ಚಾಚಿ, ತುದಿಯನ್ನು ನೀರಿಗೆ ತಾಗಿಸಿ, ದೋಣಿಯ ಮೂತಿಯನ್ನು ಸುತ್ತು ಹಾಕಿಸಬೇಕು. ಹನ್ನೆರಡು ಅಡಿಯ ಕಯಾಕಿನಲ್ಲಿ ನಡುವೆ ಕೂತವನಿಂದ ಮೂತಿ ಸುಮಾರು ಆರಡಿ ದೂರ. ಒಂಬತ್ತಡಿಯ ಕೋಲು ಅದನ್ನು ನಿರಾಯಾಸವಾಗಿ ದಾಟುತ್ತದೆ, ಚಿಕ್ಕದು ತಿಣುಕುತ್ತದೆ. ಹೀಗೆ ಎಲ್ಲ ಕೂಡಿ ಕಳೆದಾಗ ಉಳಿಯುವುದು ಒಂಬತ್ತೇ ಅಡಿ, ದಡದವರ ಕೋಲಿನ ಅಳತೆಯೇ. ಎತ್ತರದ ಕೊರತೆಯನ್ನು ಕೋಲಿನಿಂದಲ್ಲ, ಕೈಯಿಂದ ತುಂಬಬೇಕು: ದಾರವನ್ನು ಹಿಂದಕ್ಕೆ ಬೀಸುವಾಗ ನೆಟ್ಟಗೆ ಹಿಂದಕ್ಕಲ್ಲ, ಹಿಂದೆ ಮೇಲಕ್ಕೆ.

ಕೋಲು ಮುರಿಯುವುದು ಮೀನು ಎಳೆಯುವಾಗಲ್ಲ, ಅದು ಸೋತು ಹತ್ತಿರ ಬಂದಾಗ. ಮೀನು ಪಕ್ಕದಲ್ಲೇ ಇದೆ, ಕೈಗೆ ಎಟುಕಿಸಬೇಕು ಎಂದು ಕೂತವನು ಕೋಲನ್ನು ತಲೆಯ ಮೇಲೆ ಹಿಂದಕ್ಕೆ ಎತ್ತುತ್ತಾನೆ. ಭಾರವೆಲ್ಲ ಬುಡವನ್ನು ಬಿಟ್ಟು ಪೆನ್ಸಿಲಿಗಿಂತ ಸಪುರವಾದ ತುದಿಯ ಮೇಲೆ ಬಿದ್ದು ಕೋಲು ಲಟಕ್ಕನೆ ಎರಡಾಗುತ್ತದೆ.

ಇನ್ನು 8, 10, 12ರಲ್ಲಿ ಯಾವುದು? ಇಲ್ಲಿ ಪ್ರಶ್ನೆ ಹಿಡಿಯುವವನ ಸುಖದ್ದಷ್ಟೇ ಅಲ್ಲ. ಫ್ಲಾರಿಡಾದ ಆ ನೀರಿನಲ್ಲಿ ರೆಡ್‌ಫಿಶ್, ಸ್ನೂಕ್ ಎಂಬ ಮೀನುಗಳಿವೆ. ಅವಕ್ಕೆ 8 ಸಾಕು. ಟಾರ್ಪನ್ ಕೂಡ ಇದೆ. ಬೆಳ್ಳಿಯ ತಗಡಿನಂಥ ಹುರುಪೆ, ಆಳೆತ್ತರ ಉದ್ದ, ಕೆಲವು ನೂರು ಪೌಂಡು ಮೀರುತ್ತವೆ. ಗಾಳ ಚುಚ್ಚಿದೊಡನೆ ನೀರಿನಿಂದ ಮೇಲಕ್ಕೆ ಹಾರುತ್ತದೆ. ವಾಲ್ ಸ್ಟ್ರೀಟಿನ ಹಣಕಾಸು ವ್ಯವಹಾರಸ್ಥ ಎ.ಡಬ್ಲ್ಯು. ಡಿಮೊಕ್ ನೂರು ವರ್ಷಕ್ಕೂ ಹಿಂದೆ ಪುಟ್ಟ ದೋಣಿಯಲ್ಲಿ ಕೂತು ಎಂಟು ಔನ್ಸಿನ ಬಿದಿರು ಕೋಲಿನಲ್ಲಿ ಇವನ್ನು ಹಿಡಿದ. ಮಗ ಜೂಲಿಯನ್ ತೆಗೆದ ಚಿತ್ರಗಳೊಡನೆ 1911ರಲ್ಲಿ ಬಂದ ‘ದಿ ಬುಕ್ ಆಫ್ ದಿ ಟಾರ್ಪನ್’ನಲ್ಲಿ ದೋಣಿಯ ಪಕ್ಕದಲ್ಲೇ ಚಿಮ್ಮುವ ಆ ಮೀನುಗಳನ್ನು ನೋಡಬಹುದು.

ಡಿಮೊಕ್‌ನ ಸಾಹಸ ಓದಿ 8ರ ಕೋಲಿನಲ್ಲೇ ಟಾರ್ಪನ್ ಹಿಡಿಯುತ್ತೇನೆ ಎನ್ನುವವರು ಈಗಲೂ ಇದ್ದಾರೆ. ಹಿಡಿಯಲೂಬಹುದು. ದೋಣಿ ಮೀನಿನ ಹಿಂದೆ ತಾನೇ ಸಾಗುತ್ತದೆ, ದಾರದ ಮೇಲೆ ಅಷ್ಟು ಬಿಗಿ ಬೀಳುವುದಿಲ್ಲ. ತೊಂದರೆಯಾಗುವುದು ಮೀನಿಗೆ. ದುರ್ಬಲ ಕೋಲಿನಲ್ಲಿ ಇಪ್ಪತ್ತು ನಿಮಿಷದ ಸೆಣಸಾಟ ಒಂದೂವರೆ ಗಂಟೆಗೆ ಎಳೆಯುತ್ತದೆ. ಅಷ್ಟು ಹೊತ್ತು ಹೋರಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಬೇಸಗೆಯ ಬಿಸಿನೀರಿನಲ್ಲಿ ಆಮ್ಲಜನಕವೂ ಕಡಿಮೆ. ಫ್ಲಾರಿಡಾದಲ್ಲಿ 2013ರಿಂದ ಟಾರ್ಪನ್ ಅನ್ನು ಹಿಡಿದ ಮೇಲೆ ಬಿಡಲೇಬೇಕು. ನಲವತ್ತು ಅಂಗುಲ ಮೀರಿದ್ದನ್ನು ನೀರಿನಿಂದ ಮೇಲೆತ್ತುವಂತೆಯೂ ಇಲ್ಲ. ಆದರೆ ಬಿಟ್ಟ ಮೀನು ಈಜಲಾರದೆ ತೇಲುತ್ತಿದ್ದರೆ, ಅಲ್ಲೇ ಸುಳಿಯುವ ಬುಲ್ ಶಾರ್ಕ್‌ಗೆ, ಸುತ್ತಿಗೆ ತಲೆಯ ಶಾರ್ಕ್‌ಗೆ ಅದು ತಟ್ಟೆಯಲ್ಲಿಟ್ಟ ಊಟ. ಆ ಶಾರ್ಕುಗಳು ಕಯಾಕಿನ ಪಕ್ಕಕ್ಕೇ ಬರುತ್ತವೆ ಎಂಬುದನ್ನೂ ನೆನಪಿಡಬೇಕು. ಟಾರ್ಪನ್ ಇರುವ ಕಡೆ 11 ಅಥವಾ 12ರ ಕೋಲು ಒಯ್ಯಬೇಕು, ಇಲ್ಲವೇ ಅದರ ಮುಂದೆ ಗಾಳ ಹಾಕಬಾರದು. 8ರ ಕೋಲಿಗೆ ಅಕಸ್ಮಾತ್ ದೊಡ್ಡದು ಸಿಕ್ಕರೆ ಎರಡು ಜಿಗಿತ ನೋಡಿ ದಾರ ಕಡಿದುಬಿಡುವುದು ಮರ್ಯಾದೆ.

ಉಳಿದವು ಸಣ್ಣ ವಿಷಯಗಳು. ಉಪ್ಪು ಕಬ್ಬಿಣವನ್ನು ತಿನ್ನುವುದು ಕರಾವಳಿಯವರಿಗೆ ಹೊಸತಲ್ಲ. ಕೋಲಿನ ಉಂಗುರಗಳು, ರೀಲ್ ಕೂರುವ ತೊಟ್ಟಿಲು ತುಕ್ಕು ಹಿಡಿಯದ ಲೋಹದ್ದಿರಬೇಕು, ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆಯಬೇಕು. ರೀಲಿನ ಹಿಂದೆ ಹೊಟ್ಟೆಗೆ ಒತ್ತಿಕೊಳ್ಳಲು ಇರುವ ಗುಬುಟು ಗಿಡ್ಡವಾಗಿರಲಿ, ಇಲ್ಲದಿದ್ದರೆ ತೇಲುಕವಚಕ್ಕೆ ಸಿಕ್ಕಿಕೊಳ್ಳುತ್ತದೆ. ಇಂಗಾಲದ ನಾರು ವಿದ್ಯುತ್ತನ್ನು ಹರಿಯಬಿಡುತ್ತದೆ. ಫ್ಲಾರಿಡಾದ ಬೇಸಗೆಯ ಮಧ್ಯಾಹ್ನಗಳಲ್ಲಿ ಗುಡುಗು ದಿನನಿತ್ಯದ್ದು. ಬಯಲು ನೀರಿನ ಮೇಲೆ ಒಂಬತ್ತಡಿ ಎತ್ತಿ ಹಿಡಿದವನು ಸಿಡಿಲಿಗೆ ತಾನೇ ಕಂಬವಾಗುತ್ತಾನೆ. ಮೊದಲ ಗುಡುಗಿಗೇ ಕೋಲನ್ನು ಮಲಗಿಸಿ ಹುಟ್ಟು ಹಿಡಿದು ದಡ ಸೇರಬೇಕು.

ಕೊಳ್ಳುವ ಮುಂಚೆ ಅಂಗಡಿಯ ಹಿಂದಿನ ಹುಲ್ಲಿನಲ್ಲಿ ಕೋಲನ್ನು ಬೀಸಿ ನೋಡಲು ಬಿಡುತ್ತಾರೆ. ಗಿರಾಕಿಗಳೆಲ್ಲ ನಿಂತು ಬೀಸುತ್ತಾರೆ. ಕಯಾಕಿನವನು ಸಂಕೋಚ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂರಬೇಕು. ಮೂವತ್ತಡಿ ದಾರ ಬಿಟ್ಟು ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಬೀಸಬೇಕು. ಕೋಲು ಎಷ್ಟೇ ಚೆಂದವಿರಲಿ, ಹಿಂದೆ ಹೋದ ದಾರ ಪ್ರತಿ ಸಲವೂ ಹುಲ್ಲನ್ನು ಸವರುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬರಬಹುದು.